ಕಾಣದಂತೆ ಹೊಲಿದದ್ದು

ಒಳ್ಳೆಯ ರಫೂ ಕೆಲಸವನ್ನು ಮೆಚ್ಚುವುದು ಕಷ್ಟ. ಚೆನ್ನಾಗಿದ್ದಷ್ಟೂ ಅದು ಕಣ್ಣಿಗೆ ಸಿಗುವುದಿಲ್ಲ. ಸ್ತನವನ್ನು ಉಳಿಸಿ ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಅದೇ ಜಾತಿಯದು. ಮೊಲೆತೊಟ್ಟಿನ ಸುತ್ತಲ ಕಪ್ಪು ಮುಗಿದು ಮೈಬಣ್ಣ ಶುರುವಾಗುವ ಒಂದು ಗೆರೆಯುಂಟಲ್ಲ, ಬಲ್ಲ ಸರ್ಜನ್ ಸಾಧ್ಯವಾದರೆ ಚಾಕು ಇಡುವುದು ಅಲ್ಲಿ. ಎರಡು ಬಣ್ಣಗಳ ಗಡಿಯಲ್ಲಿ ಗಾಯದ ಗುರುತು ಕರಗಿಹೋಗುತ್ತದೆ. ಗಡ್ಡೆ ಪಕ್ಕದಲ್ಲಿದ್ದರೆ ಕಂಕುಳ ಮಡಿಕೆ, ತಳದಲ್ಲಿದ್ದರೆ ಸ್ತನ ಎದೆಯನ್ನು ಕೂಡುವ ಮಡಿಕೆ. ದೇಹ ಮೊದಲೇ ಹಾಕಿಕೊಂಡಿರುವ ಗೆರೆಗಳಿರುವಾಗ ಹೊಸದೊಂದನ್ನು ಯಾಕೆ ಎಳೆಯಬೇಕು?

ನಿಜವಾದ ಕುಸುರಿ ಮಾತ್ರ ಚರ್ಮದ ಕೆಳಗಿದೆ. ಗಡ್ಡೆ ತೆಗೆದ ಜಾಗದಲ್ಲಿ ಗುಳಿ ಉಳಿಯುತ್ತದೆ. ಹಾಗೇ ಬಿಟ್ಟರೆ ಮೊದಮೊದಲು ದ್ರವ ತುಂಬಿಕೊಂಡು ಎಲ್ಲ ದುಂಡಗೇ ಕಾಣುತ್ತದೆ, ಅದು ಮೋಸ. ದ್ರವ ಇಂಗಿ, ರೇಡಿಯೇಷನ್ ಮುಗಿದು, ಒಳಗಾಯ ಬಿಗಿಯುತ್ತ ಬಂದಾಗ ಚರ್ಮ ಒಳಕ್ಕೆ ಜಗ್ಗುತ್ತದೆ. ಅದಕ್ಕೇ ಅಕ್ಕಪಕ್ಕದ ಭಾಗವನ್ನು ಚರ್ಮದಿಂದ, ಅಡಿಯ ಸ್ನಾಯುವಿನಿಂದ ಮೆಲ್ಲಗೆ ಬಿಡಿಸಿ, ಗುಳಿಯತ್ತ ಸರಿಸಿ ಹೊಲಿಯುತ್ತಾರೆ. ಪ್ಯಾರಿಸ್ಸಿನ ಕೃಷ್ಣ ಕ್ಲಫ್ ಮತ್ತು ಸಂಗಡಿಗರು 2010ರಲ್ಲಿ ಇದಕ್ಕೊಂದು ಅಂದಾಜು ಕೊಟ್ಟರು: ತೆಗೆಯುವುದು ಸ್ತನದ ಶೇ. 20ಕ್ಕಿಂತ ಕಡಿಮೆಯಿದ್ದರೆ ಹೀಗೆ ಸರಿಸಿ ಹೊಲಿದರೆ ಸಾಕು. 20ರಿಂದ 50ರವರೆಗೆ ಹೋದರೆ ಸ್ತನದ ಆಕಾರವನ್ನೇ ಹೊಸದಾಗಿ ಕಟ್ಟಬೇಕು.

ತೆಗೆದ ತುಂಡಿನ ಆರೈಕೆಯೂ ನೋಡುವಂಥದ್ದು. ಅದರ ಒಂದೊಂದು ಮಗ್ಗುಲಿಗೆ ಒಂದೊಂದು ಬಣ್ಣದ ಶಾಯಿ ಹಚ್ಚುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಆ ಶಾಯಿಗೆ ಕ್ಯಾನ್ಸರ್ ಕೋಶ ತಾಗಿರುವುದು ಕಂಡರೆ ಮತ್ತೆ ಕೊಯ್ಯಬೇಕು, ಹೊಲಿಗೆ ಎಷ್ಟೇ ಚೆಂದವಿರಲಿ.

ಈ ನಾಜೂಕಿಗೆ ಮನ್ನಣೆ ಸಿಕ್ಕಿದ್ದು ತಡವಾಗಿ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಗೆ ಹಾಕಿಕೊಟ್ಟ ದಾರಿಯಲ್ಲಿ ಸ್ತನ, ಎದೆಯ ಸ್ನಾಯು, ಕಂಕುಳ ಗ್ರಂಥಿ ಎಲ್ಲವೂ ಹೋಗಬೇಕಿತ್ತು. ಅದನ್ನು ಅನುಮಾನಿಸಿದವರಲ್ಲಿ ನನಗೆ ಅಚ್ಚುಮೆಚ್ಚು ಲಂಡನ್ನಿನ ಜೆಫ್ರಿ ಕೇನ್ಸ್, ಅರ್ಥಶಾಸ್ತ್ರದ ಕೇನ್ಸ್ ಅವರ ತಮ್ಮ. 1920ರ ದಶಕದಲ್ಲೇ ಅವರು ಸ್ತನವನ್ನು ಉಳಿಸಿ ರೇಡಿಯಂ ಸೂಜಿಗಳನ್ನು ಇಟ್ಟು ನೋಡಿದರು. ಕವಿ ವಿಲಿಯಂ ಬ್ಲೇಕ್‌ನ ಬರಹಗಳನ್ನು ಸಂಪಾದಿಸಿದವರೂ ಇವರೇ. ಹಳೆಯ ಹಾಳೆಗಳನ್ನು ಮುಟ್ಟಿದ ಬೆರಳಿನ ಎಚ್ಚರವೇ ಆಪರೇಷನ್ ಕೋಣೆಗೂ ಬಂದಿತ್ತೆಂದು ನಂಬಲು ನನಗಿಷ್ಟ, ಪುರಾವೆ ಕೇಳಬೇಡಿ.

ಚಿಕಿತ್ಸೆಗೆ ಪುರಾವೆ ಒದಗಿಸಿದವರಲ್ಲಿ ಮಿಲಾನಿನ ಉಂಬರ್ತೊ ವೆರೊನೇಸಿ ಒಬ್ಬರು. 1973ರಿಂದ 1980ರವರೆಗೆ, ಎರಡು ಸೆಂಟಿಮೀಟರ್ ಮೀರದ ಗಡ್ಡೆಯಿದ್ದ 701 ಮಹಿಳೆಯರಲ್ಲಿ ಕೆಲವರಿಗೆ ಹಾಲ್‌ಸ್ಟೆಡ್ ವಿಧಾನ, ಉಳಿದವರಿಗೆ ಸ್ತನದ ಕಾಲುಭಾಗ ತೆಗೆದು ರೇಡಿಯೇಷನ್. ಇಪ್ಪತ್ತು ವರ್ಷದ ಲೆಕ್ಕ 2002ರಲ್ಲಿ ಬಂದಾಗಲೂ ಬದುಕುಳಿಯುವುದರಲ್ಲಿ ವ್ಯತ್ಯಾಸವಿರಲಿಲ್ಲ. ಮೊದಲ ಫಲಿತಾಂಶ ಹೊರಬಿದ್ದ 1981ರಲ್ಲಿ ಕೇನ್ಸ್‌ಗೆ 94, ಇನ್ನೂ ಬದುಕಿದ್ದರು.

ಉಳಿದದ್ದು ಹೇಗಿದೆ ಎಂದು ಹೇಳುವವರು ಯಾರು? ಬಹುಕಾಲ ವೈದ್ಯರೇ ನೋಡಿ ಅಂಕ ಕೊಟ್ಟರು. ಆಂಡ್ರಿಯಾ ಪ್ಯೂಸಿಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ‘ಬ್ರೆಸ್ಟ್-ಕ್ಯೂ’ ಪ್ರಶ್ನಾವಳಿ ಆ ಹಕ್ಕನ್ನು ಹೆಂಗಸಿಗೆ ಕೊಟ್ಟಿತು; ಸ್ತನ ಉಳಿಸಿಕೊಂಡವರಿಗಾಗಿ ಅದರಲ್ಲೊಂದು ಬೇರೆಯ ಭಾಗವೇ ಮುಂದೆ ಸೇರಿತು. ಅಲ್ಲಿನ ಪ್ರಶ್ನೆಗಳನ್ನು ನಾನು ವಿಮರ್ಶೆಯ ಪಾಠದಂತೆ ಓದಿದ್ದೇನೆ. ಬಟ್ಟೆ ತೊಟ್ಟು ಕನ್ನಡಿ ನೋಡಿಕೊಂಡಾಗ ಹೇಗನಿಸುತ್ತದೆ? ತೊಡದೆ ನೋಡಿಕೊಂಡಾಗ? ಬ್ರಾ ಹೇಗೆ ಕೂರುತ್ತದೆ? ಎರಡು ಕನ್ನಡಿಗಳನ್ನು ಬೇರೆಬೇರೆ ಮಾಡಿ ಕೇಳಿದ ಜಾಣ್ಮೆಗೆ ತಲೆದೂಗಬೇಕು: ಮೊದಲನೆಯದು ಲೋಕದ ಕಣ್ಣು, ಎರಡನೆಯದು ತನ್ನದು. ಎರಡಕ್ಕೂ ಒಂದೇ ಉತ್ತರ ಬರಬೇಕೆಂದಿಲ್ಲ. ಕ್ಯಾನ್ಸರಿನ ಹೊತ್ತಿನಲ್ಲಿ ಅಂದದ ಮಾತೇಕೆ ಎಂದು ಮೂಗು ಮುರಿಯುವವರು ಸಾಮಾನ್ಯವಾಗಿ ಆ ಎರಡನೇ ಕನ್ನಡಿಯ ಮುಂದೆ ನಿಲ್ಲಬೇಕಾದವರಲ್ಲ. ಸ್ತನವೇ ಬೇಡ, ಪೂರ್ತಿ ತೆಗೆದುಬಿಡಿ ಎಂದು ಕೇಳಿ ನೆಮ್ಮದಿಯಾಗಿರುವವರೂ ಇದ್ದಾರೆ, ಅದೂ ತೃಪ್ತಿಯೇ.

ಒಂದು ತೊಡಕು ಉಂಟು. ರೇಡಿಯೇಷನ್ ಪಡೆದ ಸ್ತನ ಬರಬರುತ್ತ ಗಟ್ಟಿಯಾಗಬಹುದು, ಕುಗ್ಗಬಹುದು; ಇನ್ನೊಂದು ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ. ಮೊದಲ ವರ್ಷದ ಮೆಚ್ಚುಗೆಯನ್ನೇ ನೆಚ್ಚದೆ ಐದು, ಹತ್ತು ವರ್ಷದ ಮೇಲೆ ಮತ್ತೆ ಕೇಳಬೇಕು. ಆಗ ನಮ್ಮ ಕಡೆಯ ಪ್ರಶ್ನೆಯೊಂದನ್ನೂ ಸೇರಿಸಬಹುದು: ಟೈಲರ್‌ಗೆ ಈಗಲೂ ಹಳೆಯ ಅಳತೆ ಬ್ಲೌಸನ್ನೇ ಕೊಡುತ್ತೀರಾ?