ಎಚ್ಚರಿದ್ದವರ ಅಗ್ಗದ ಕರೆಂಟು

2022ರ ಮಾರ್ಚ್ 31ರಂದು ಬ್ರಿಟನ್ನಿನ ಹಲವು ವಿದ್ಯುತ್ ಮತ್ತು ಗ್ಯಾಸ್ ಕಂಪನಿಗಳ ವೆಬ್‌ಸೈಟುಗಳು ಒಂದೇ ದಿನ ಕೈಕೊಟ್ಟವು. ಮನೆಮನೆಯಲ್ಲೂ ಜನ ಮೆಟ್ಟಿಲ ಕೆಳಗಿನ ಗೂಡಿಗೋ ಹೊರಗೋಡೆಯ ಪೆಟ್ಟಿಗೆಗೋ ಟಾರ್ಚ್ ಬಿಟ್ಟು ಮೀಟರ್ ನೋಡಿ, ಆ ದಿನದ ಅಂಕಿಯನ್ನು ತಮ್ಮ ಕಂಪನಿಗೆ ಕಳಿಸಲು ಏಕಕಾಲಕ್ಕೆ ಮುಗಿಬಿದ್ದಿದ್ದರು. ಮರುದಿನದಿಂದ ಸರ್ಕಾರಿ ಬೆಲೆಮಿತಿ ಶೇ 54ರಷ್ಟು ಏರಲಿತ್ತು. ಅದಕ್ಕೆ ಮುಂಚೆ ಮೀಟರ್ ಓದಿಬಿಡಿ ಎಂದು ಗ್ರಾಹಕರ ಪರ ಮಾತಾಡುವ ಪತ್ರಕರ್ತ ಮಾರ್ಟಿನ್ ಲೂಯಿಸ್ ಮೊದಲಾದವರು ಹೇಳುತ್ತಲೇ ಬಂದಿದ್ದರು. ಹಳೆಯ ದರವಿದ್ದಾಗ ಬಳಸಿದ್ದಕ್ಕೆ ಹಳೆಯ ದರವನ್ನೇ ಕೊಡುತ್ತೇವೆ, ಒಂದು ಪೆನ್ನಿ ಕೂಡ ಹೆಚ್ಚು ಕೊಡುವುದಿಲ್ಲ ಎಂಬುದು ಅವರೆಲ್ಲರ ಹಟವಾಗಿತ್ತು.

ತಾನು ಉರಿಸಿದ್ದಕ್ಕೆ ತಾನೇ ಲೆಕ್ಕ ಇಡುವ ಈ ಅಭ್ಯಾಸದ ಬಗ್ಗೆ ನನಗೆ ಗೌರವವಿದೆ. ಅದಕ್ಕೆ ಅಂಟಿಕೊಂಡೇ ಬೆಳೆದ ಇನ್ನೊಂದು ಅಭ್ಯಾಸದ ಬಗ್ಗೆ, ಅಂದರೆ ಅಗ್ಗದ ದರ ಹುಡುಕುತ್ತ ವರ್ಷವರ್ಷವೂ ಕಂಪನಿ ಬದಲಿಸುವುದರ ಬಗ್ಗೆ, ಅಷ್ಟೇ ನಿಸ್ಸಂಕೋಚವಾಗಿ ಒಳ್ಳೆಯ ಮಾತು ಹೇಳಲಾರೆ. ಇವೆರಡನ್ನೂ ಒಟ್ಟಿಗೆ ಹೊಗಳುವುದು ಅಲ್ಲಿ ರೂಢಿ. ಬಿಡಿಸಿ ನೋಡಿದರೆ ಒಂದು ಗ್ರಾಹಕನನ್ನು ಕಾಯುತ್ತದೆ, ಇನ್ನೊಂದು ಕೆಲವು ಗ್ರಾಹಕರಿಗಾಗಿ ಉಳಿದವರ ಕೈಯಿಂದ ಹಣ ತೆಗೆಸುತ್ತದೆ.

ಬ್ರಿಟಿಷ್ ಗ್ಯಾಸ್ ಖಾಸಗಿಯಾದದ್ದು 1986ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರಾದೇಶಿಕ ವಿದ್ಯುತ್ ಕಂಪನಿಗಳ ಷೇರು ಮಾರಿದ್ದು 1990ರಲ್ಲಿ. ಮನೆಯವರು ತಮ್ಮ ಗ್ಯಾಸ್ ಕಂಪನಿಯನ್ನು ತಾವೇ ಆರಿಸಿಕೊಳ್ಳುವ ಪ್ರಯೋಗ 1996ರಲ್ಲಿ ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಶುರುವಾಗಿ, 1999ರ ಹೊತ್ತಿಗೆ ವಿದ್ಯುತ್ತೂ ಸೇರಿ ಗ್ರೇಟ್ ಬ್ರಿಟನ್ ಪೂರ್ತಿ ಹರಡಿತು. ಮೊದಲ ವಿದ್ಯುತ್ ನಿಯಂತ್ರಕರಾಗಿದ್ದ ಅರ್ಥಶಾಸ್ತ್ರಜ್ಞ ಸ್ಟೀಫನ್ ಲಿಟಲ್‌ಚೈಲ್ಡ್ ಅವರಂಥವರ ನಂಬಿಕೆ ಸ್ಪಷ್ಟವಾಗಿತ್ತು: ಸ್ಪರ್ಧೆ ಬೇರೂರುವ ತನಕ ಮಾತ್ರ ದರ ನಿಯಂತ್ರಣ ಸಾಕು, ಆಮೇಲೆ ಗ್ರಾಹಕನೇ ಕಂಪನಿ ಬದಲಿಸಿ ದರವನ್ನು ಹದ್ದುಬಸ್ತಿನಲ್ಲಿಡುತ್ತಾನೆ. ಅದರಂತೆ 2002ರಲ್ಲಿ ಮನೆ ಬಳಕೆಯ ದರ ನಿಯಂತ್ರಣವನ್ನು ಪೂರ್ತಿ ತೆಗೆದರು.

ಇಲ್ಲಿ ಒಂದು ಸಂಗತಿ ಮನಸ್ಸಿನಲ್ಲಿರಬೇಕು. ಕಂಪನಿ ಬದಲಾದರೆ ತಂತಿ ಬದಲಾಗುವುದಿಲ್ಲ, ಕೊಳವೆ ಬದಲಾಗುವುದಿಲ್ಲ, ಮೀಟರೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮನೆಗೆ ಬರುವ ಕರೆಂಟು ಅದೇ. ಸಗಟು ಪೇಟೆಯಲ್ಲಿ ನಮ್ಮ ಪರವಾಗಿ ಕೊಂಡು, ನಮಗೆ ಬಿಲ್ ಕಳಿಸುವವರು ಮಾತ್ರ ಬೇರೆ. ಜಾಲದ ವೆಚ್ಚವನ್ನು ಎಲ್ಲ ಕಂಪನಿಗಳೂ ತಮ್ಮ ಗ್ರಾಹಕರಿಂದ ವಸೂಲು ಮಾಡಲೇಬೇಕು. ಹಾಗಾಗಿ ಸ್ಪರ್ಧೆಗೆ ಸಿಗುವ ಜಾಗ ಬಹಳ ಕಿರಿದು: ಯಾರು ಯಾವಾಗ ಎಷ್ಟು ಮುಂಗಡ ಖರೀದಿ ಮಾಡಿದರು, ಯಾರು ಹೊಸ ಗ್ರಾಹಕನನ್ನು ಸೆಳೆಯಲು ಹಳೆಯ ಗ್ರಾಹಕನಿಂದ ಹೆಚ್ಚು ಕಿತ್ತುಕೊಂಡರು, ಅಷ್ಟೆ.

ಈಗ ಮೀಟರಿನ ವಿಷಯ. ಕಂಪನಿಗೆ ನಿಜವಾದ ರೀಡಿಂಗ್ ಸಿಗದಿದ್ದರೆ ಅದು ಹಿಂದಿನ ಬಳಕೆ ನೋಡಿ ಅಂದಾಜು ಬಿಲ್ ಕಳಿಸುತ್ತದೆ. ಮುಂದೆ ಎಂದಾದರೂ ನಿಜವಾದ ಅಂಕಿ ಸಿಕ್ಕಾಗ ಲೆಕ್ಕ ಸರಿಹೋಗುತ್ತದೆ, ಯೂನಿಟ್‌ಗಳೇನೂ ಮಾಯವಾಗುವುದಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಯೂನಿಟ್ ಮಾಯವಾಗುವುದಿಲ್ಲ ಎಂಬುದು ನಿಜ. ಆದರೆ ನಡುವೆ ದರ ಬದಲಾಗಿದ್ದರೆ, ಯಾವ ಯೂನಿಟ್ ಗೆರೆಯ ಈಚೆಗೆ, ಯಾವುದು ಆಚೆಗೆ ಎಂಬುದನ್ನು ಕಂಪನಿಯ ಅಂದಾಜೇ ತೀರ್ಮಾನಿಸುತ್ತದೆ. 2022ರ ಆ ಏಪ್ರಿಲ್ ಒಂದರಂದು ಗ್ಯಾಸಿನ ಸರಾಸರಿ ಮಿತಿದರ ಯೂನಿಟ್ಟಿಗೆ ಸುಮಾರು 4 ಪೆನ್ಸ್‌ನಿಂದ 7.4 ಪೆನ್ಸ್‌ಗೆ ಹೋಯಿತು. ಮಾರ್ಚ್ ಚಳಿಯಲ್ಲಿ ಸುಟ್ಟ ಗ್ಯಾಸಿನಲ್ಲಿ 300 ಯೂನಿಟ್ಟನ್ನು ಅಂದಾಜು ಏಪ್ರಿಲ್ ಖಾತೆಗೆ ತಳ್ಳಿದ್ದರೆ ಮನೆಯವರು ಕಳೆದುಕೊಳ್ಳುತ್ತಿದ್ದದ್ದು ಸುಮಾರು ಹತ್ತು ಪೌಂಡ್.

ಹತ್ತು ಪೌಂಡಿಗೆ ಇಷ್ಟು ಗಲಾಟೆಯೇ ಎಂದು ಕೇಳಬಹುದು. ಅಂದು ವೆಬ್‌ಸೈಟ್ ತೆರೆಯದೆ ರಾತ್ರಿಯವರೆಗೂ ಕಾದವರ ಆತಂಕ ಈ ಮೊತ್ತಕ್ಕಿಂತ ದೊಡ್ಡದಾಗಿತ್ತು, ಒಪ್ಪುತ್ತೇನೆ. ಆಮೇಲೆ ಕೆಲವು ಕಂಪನಿಗಳು ಮಾರ್ಚ್ 31ರ ರೀಡಿಂಗನ್ನು ನಂತರದ ದಿನಗಳಲ್ಲೂ ಸ್ವೀಕರಿಸಿದವು. ಆದರೂ ಈ ಅಭ್ಯಾಸದ ಬೆಲೆಯನ್ನು ಆ ಒಂದು ದಿನದ ಉಳಿತಾಯದಿಂದ ಅಳೆಯಬಾರದು. ದರ ಇಳಿಯುವಾಗಲೂ ಅದೇ ಗೆರೆ, ಅದೇ ಅಪಾಯ: 2023ರ ಜುಲೈ ಒಂದರಂದು ದರ ಇಳಿದಾಗ ಜೂನ್ ಕೊನೆಯ ರೀಡಿಂಗ್ ಕೊಡದವರ ಅಗ್ಗದ ಯೂನಿಟ್ ದುಬಾರಿ ತಿಂಗಳಿಗೆ ಸೇರುವ ಸಾಧ್ಯತೆಯಿತ್ತು. ಇನ್ನೊಂದು ಮಾತೂ ಹೇಳಬೇಕು. ದರ ಏರುವ ಮುನ್ನ ಮೀಟರಿನಲ್ಲಿ ಇಲ್ಲದ ಯೂನಿಟ್ಟನ್ನೂ ಸೇರಿಸಿ ಹೆಚ್ಚಿನ ಅಂಕಿ ಬರೆದು ಕಳಿಸುವುದು ಜಾಣತನವಲ್ಲ, ವಂಚನೆ. ರೀಡಿಂಗಿನ ಬಲವಿರುವುದೇ ಅದು ನಿಜ ಎಂಬುದರಲ್ಲಿ.

ಗ್ಯಾಸಿನ ಮೀಟರಂತೂ ಓದಲು ಬಂದವರಿಗೂ ಅರ್ಥವಾಗದ ವಸ್ತು. ಅದು ಯೂನಿಟ್ ತೋರಿಸುವುದಿಲ್ಲ, ಗಾತ್ರ ತೋರಿಸುತ್ತದೆ. ಘನ ಮೀಟರಿನ ಅಂಕಿಯನ್ನು 1.02264ರಿಂದ ಗುಣಿಸಿ, ಆ ದಿನಗಳ ಗ್ಯಾಸಿನ ಉಷ್ಣಮೌಲ್ಯದಿಂದ (ಸುಮಾರು 39) ಮತ್ತೆ ಗುಣಿಸಿ, 3.6ರಿಂದ ಭಾಗಿಸಿದರೆ ಯೂನಿಟ್ (ಕಿಲೋವಾಟ್ ಗಂಟೆ) ಸಿಗುತ್ತದೆ. ಒಂದು ಘನ ಮೀಟರಿಗೆ ಹೆಚ್ಚುಕಡಿಮೆ ಹನ್ನೊಂದು ಯೂನಿಟ್. ಹಳೆಯ ಮೀಟರುಗಳು ನೂರು ಘನ ಅಡಿಯ ಲೆಕ್ಕದಲ್ಲಿ ಓಡುತ್ತವೆ, ಅವಕ್ಕೆ ಮೊದಲು 2.83ರ ಗುಣಾಕಾರ ಬೇಕು. ಕಂಪನಿಯ ದಾಖಲೆಯಲ್ಲಿ ಹೊಸ ಮೀಟರು ಹಳೆಯದೆಂದು ನಮೂದಾಗಿದ್ದರೆ ಬಿಲ್ ಸುಮಾರು ಮೂರು ಪಟ್ಟಾಗುತ್ತದೆ. ಮೀಟರ್ ಮುಂದೆ ನಿಂತು ತಾವೇ ನೋಡಿದವರಿಗೆ ಮಾತ್ರ ಈ ತಪ್ಪು ಕಣ್ಣಿಗೆ ಬೀಳುತ್ತದೆ.

ಕಂಪನಿ ಬದಲಿಸುವ ದಿನದ ರೀಡಿಂಗ್ ಇದಕ್ಕಿಂತ ಮುಖ್ಯ. ಹಳೆಯ ಕಂಪನಿಯ ಕೊನೆಯ ಬಿಲ್ಲೂ ಹೊಸ ಕಂಪನಿಯ ಮೊದಲ ಬಿಲ್ಲೂ ಅದೇ ಒಂದು ಅಂಕಿಯ ಮೇಲೆ ನಿಲ್ಲಬೇಕು. ಮೂರು ವಾರ ಹಿಡಿಯುತ್ತಿದ್ದ ಬದಲಾವಣೆಯನ್ನು 2022ರ ಜುಲೈನಿಂದ ಐದು ಕೆಲಸದ ದಿನಗಳಿಗೆ ಇಳಿಸಿದ್ದಾರೆ, ಮನಸ್ಸು ಬದಲಿಸಲು 14 ದಿನ ಬಿಟ್ಟಿದ್ದಾರೆ, ಸ್ಥಿರ ದರದ ಕರಾರಿನ ಕೊನೆಯ 49 ದಿನಗಳಲ್ಲಿ ಬಿಟ್ಟುಹೋದರೆ ದಂಡ ಹಾಕುವಂತಿಲ್ಲ ಎಂದಿದ್ದಾರೆ. ಕಂಪನಿಯ ತಪ್ಪಿನಿಂದ ಬಿಲ್ ಮಾಡದೆ ಉಳಿದ ಬಾಕಿಯನ್ನು ಹನ್ನೆರಡು ತಿಂಗಳಿಗಿಂತ ಹಿಂದಕ್ಕೆ ಹೋಗಿ ಕೇಳುವಂತಿಲ್ಲ ಎಂಬ ನಿಯಮ 2018ರಿಂದ ಇದೆ. ಇವೆಲ್ಲ ಒಳ್ಳೆಯ ನಿಯಮಗಳು, ಮನಸಾರೆ ಮೆಚ್ಚುತ್ತೇನೆ. ಆದರೆ ಬದಲಾವಣೆಯನ್ನೇ ಮಂತ್ರವಾಗಿಸಿಕೊಂಡ ದೇಶ ಲಕ್ಷಾಂತರ ಮನೆಗಳಿಗೆ ಹಾಕಿದ ಮೊದಲ ತಲೆಮಾರಿನ ಸ್ಮಾರ್ಟ್ ಮೀಟರು ಕಂಪನಿ ಬದಲಿಸಿದೊಡನೆ ಎಷ್ಟೋ ಕಡೆ ಮೂಕವಾಗುತ್ತಿತ್ತು, ಮನೆಯವರು ಮತ್ತೆ ಕೈಯಿಂದ ರೀಡಿಂಗ್ ಬರೆದು ಕಳಿಸಬೇಕಾಗುತ್ತಿತ್ತು. ಇದನ್ನು ಮೊದಲೇ ಯೋಚಿಸದಿದ್ದದ್ದು ಕ್ಷಮಿಸಲಾಗದ ಅಜಾಗರೂಕತೆ.

ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೆ ಯಾರು ಬದಲಿಸಿದರು? ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಎರಡು ವರ್ಷ ತನಿಖೆ ಮಾಡಿ 2016ರ ಜೂನ್‌ನಲ್ಲಿ ವರದಿ ಕೊಟ್ಟಿತು. ಆರು ದೊಡ್ಡ ಕಂಪನಿಗಳ ಗ್ರಾಹಕರಲ್ಲಿ ಸುಮಾರು ಶೇ 70 ಮಂದಿ ಯಾವುದನ್ನೂ ಆರಿಸಿಕೊಳ್ಳದೆ ದುಬಾರಿಯಾದ ಮಾಮೂಲಿ ದರದಲ್ಲೇ ಉಳಿದಿದ್ದರು. ಸ್ಪರ್ಧೆ ಸರಿಯಾಗಿ ನಡೆದಿದ್ದರೆ ಕೊಡಬೇಕಾದದ್ದಕ್ಕಿಂತ ಗ್ರಾಹಕರು ವರ್ಷಕ್ಕೆ ಸರಾಸರಿ 140 ಕೋಟಿ ಪೌಂಡ್ ಹೆಚ್ಚು ಕೊಡುತ್ತಿದ್ದರು. ವಾರ್ಷಿಕ ಆದಾಯ 36,000 ಪೌಂಡ್‌ಗಿಂತ ಹೆಚ್ಚಿದ್ದ ಮನೆಗಳಲ್ಲಿ ಶೇ 35 ಮನೆಗಳು ಹಿಂದಿನ ಮೂರು ವರ್ಷಗಳಲ್ಲಿ ಕಂಪನಿ ಬದಲಿಸಿದ್ದರೆ, 18,000ಕ್ಕಿಂತ ಕಡಿಮೆ ಇದ್ದ ಮನೆಗಳಲ್ಲಿ ಶೇ 20 ಮಾತ್ರ. ವಯಸ್ಸಾದವರು, ಓದು ಕಡಿಮೆ ಇದ್ದವರು, ಬಾಡಿಗೆ ಮನೆಯವರು ಹಿಂದೆ ಉಳಿದರು. ಇದರ ಅರ್ಥ ಇಷ್ಟೆ: ಉಳಿಸಲು ತೀರ ಅಗತ್ಯವಿದ್ದವರು ಉಳಿಸಲಿಲ್ಲ, ಮತ್ತು ಅವರು ಹೆಚ್ಚು ಕೊಟ್ಟದ್ದರಿಂದಲೇ ಉಳಿದವರಿಗೆ ಅಗ್ಗದ ದರ ತೋರಿಸಲು ಕಂಪನಿಗಳಿಗೆ ಸಾಧ್ಯವಾಯಿತು. ಕೊನೆಗೆ 2018ರಲ್ಲಿ ಕಾಯಿದೆ ಮಾಡಿ, 2019ರ ಜನವರಿಯಿಂದ ಮಾಮೂಲಿ ದರಕ್ಕೆ ಮಿತಿ ಹಾಕಬೇಕಾಯಿತು. 2002ರಲ್ಲಿ ತೆಗೆದದ್ದು ಹದಿನೇಳು ವರ್ಷಗಳಲ್ಲಿ ಮರಳಿ ಬಂತು.

ಆದರೂ ಹೆಚ್ಚು ನೋವಿನ ಅಧ್ಯಾಯ 2021ರದು. ಅದಕ್ಕೆ ಮುಂಚಿನ ವರ್ಷಗಳಲ್ಲಿ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಹೊಸ ಕಂಪನಿಗಳಿಗೆ ಬಾಗಿಲನ್ನು ತೀರ ಸಲೀಸಾಗಿ ತೆರೆದಿತ್ತು. ಎಷ್ಟೋ ಕಂಪನಿಗಳ ಬಳಿ ಸಾಕಷ್ಟು ಬಂಡವಾಳವಿರಲಿಲ್ಲ, ಮುಂಗಡ ಖರೀದಿ ಇರಲಿಲ್ಲ. ಗ್ರಾಹಕರು ತಿಂಗಳ ಕಂತಿನಲ್ಲಿ ಬೇಸಿಗೆಯಲ್ಲಿ ಹೆಚ್ಚುವರಿಯಾಗಿ ಕಟ್ಟಿ ಚಳಿಗಾಲಕ್ಕೆಂದು ಬಿಟ್ಟ ಹಣವೇ ಕೆಲವರಿಗೆ ದಿನದ ಖರ್ಚಿನ ಬಂಡವಾಳವಾಗಿತ್ತು. ದರ ಹೋಲಿಕೆಯ ಪಟ್ಟಿಯಲ್ಲಿ ಮೇಲೆ ನಿಲ್ಲುತ್ತಿದ್ದವರಲ್ಲಿ ಇಂಥವರೂ ಇದ್ದರು. ಸಗಟು ಗ್ಯಾಸಿನ ಬೆಲೆ ಗಗನಕ್ಕೇರಿದಾಗ ಒಂದರ ಹಿಂದೊಂದು ಮುಚ್ಚಿಹೋದವು. ಸುಮಾರು ಹದಿನೈದು ಲಕ್ಷ ಗ್ರಾಹಕರಿದ್ದ ಬಲ್ಬ್ ಕಂಪನಿಯನ್ನು ಸರ್ಕಾರವೇ ಹಣ ಕೊಟ್ಟು ನಡೆಸಬೇಕಾಯಿತು.

ಗ್ರಾಹಕರ ಮನೆಯ ದೀಪ ಆರಲಿಲ್ಲ, ಅವರ ಜಮೆ ಹಣವೂ ಮುಳುಗಲಿಲ್ಲ. ಬೇರೆ ಕಂಪನಿಗಳು ಅವರನ್ನು ವಹಿಸಿಕೊಂಡವು. ಇದು ಆ ವ್ಯವಸ್ಥೆಯ ಶ್ರೇಯಸ್ಸು. ಆದರೆ ಆ ಖರ್ಚನ್ನು ಭರಿಸಿದವರು ಯಾರು? ಬಲ್ಬ್ ಬಿಟ್ಟು ಉಳಿದ 28 ಕಂಪನಿಗಳ ಪತನದ ವೆಚ್ಚ 270 ಕೋಟಿ ಪೌಂಡ್, ಮನೆಯೊಂದಕ್ಕೆ ಸುಮಾರು 94 ಪೌಂಡ್ ಎಂದು ಬ್ರಿಟನ್ನಿನ ಲೆಕ್ಕಪರಿಶೋಧನಾ ಸಂಸ್ಥೆ 2022ರಲ್ಲಿ ಹೇಳಿತು. ಅದನ್ನು ದಿನದ ನಿಗದಿತ ಶುಲ್ಕದ ಮೂಲಕ ಎಲ್ಲರಿಂದ ವಸೂಲು ಮಾಡಿದರು. 2022ರ ಏಪ್ರಿಲ್‌ನಲ್ಲಿ ವಿದ್ಯುತ್ತಿನ ನಿಗದಿತ ಶುಲ್ಕ ದಿನಕ್ಕೆ ಸುಮಾರು 25 ಪೆನ್ಸ್‌ನಿಂದ 45 ಪೆನ್ಸ್‌ಗೆ ಏರಿದ್ದಕ್ಕೆ ಇದೂ ಒಂದು ಕಾರಣ. ನಿಗದಿತ ಶುಲ್ಕಕ್ಕೆ ಬಳಕೆಯ ಹಂಗಿಲ್ಲ. ಒಂದು ಕೋಣೆಯನ್ನಷ್ಟೇ ಬೆಚ್ಚಗಿಟ್ಟುಕೊಂಡು ಬದುಕುವ ಒಂಟಿ ಮುದುಕಿಯೂ ದೊಡ್ಡ ಬಂಗಲೆಯವರೂ ಒಂದೇ ಕೊಟ್ಟರು. ಯಾವತ್ತೂ ಕಂಪನಿ ಬದಲಿಸದವರು, ಬದಲಿಸಿ ಉಳಿಸಿಕೊಂಡವರ ಅಗ್ಗದ ದರದ ಬಾಕಿಯನ್ನು ಹೀಗೆ ಎರಡನೆಯ ಸಲ ತೀರಿಸಿದರು. ಬದಲಿಸಿದವರನ್ನು ನಾನು ದೂರುತ್ತಿಲ್ಲ, ಅವರು ನಿಯಮ ಹೇಳಿದ್ದನ್ನೇ ಮಾಡಿದರು. ದೋಷ ಆ ನಿಯಮ ಕಟ್ಟಿದವರದು.

2021ರ ಬೇಸಿಗೆಯಲ್ಲಿ ಗಟ್ಟಿಯಾದ ಕಂಪನಿಯೊಂದರ ಜೊತೆ ಎರಡು ವರ್ಷದ ಸ್ಥಿರ ದರ ಮಾಡಿಕೊಂಡವರಿಗೆ ಭಾರಿ ಲಾಭವಾಯಿತು. ಆದರೆ ಮುಂದಿನ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಗುತ್ತದೆಂದು ಅವರಾರೂ ಲೆಕ್ಕ ಹಾಕಿರಲಿಲ್ಲ. ದರದ ಕಾಲ ನೋಡಿ ಕರಾರು ಮಾಡುವುದರಲ್ಲಿ ಅರ್ಧದಷ್ಟು ಅದೃಷ್ಟ. ರಾತ್ರಿಯ ಹೊತ್ತು ಏಳು ತಾಸು ಅಗ್ಗದ ಕರೆಂಟು ಕೊಡುವ, 1978ರಿಂದ ಇರುವ ಎಕಾನಮಿ 7ರಂಥ ದರ ಇದಕ್ಕಿಂತ ಪ್ರಾಮಾಣಿಕವಾದದ್ದು. ಅಲ್ಲಿ ಗ್ರಾಹಕ ತನ್ನ ಬಳಕೆಯ ಹೊತ್ತನ್ನು ಬದಲಿಸುತ್ತಾನೆ, ಜಾಲದ ಮೇಲಿನ ಹೊರೆಯೂ ನಿಜವಾಗಿ ಇಳಿಯುತ್ತದೆ.

ಭಾರತದಲ್ಲಿ ನಾವೂ ಇದನ್ನು ಯೋಚಿಸಬೇಕಾದ ಕಾರಣವಿದೆ. ಒಂದೇ ಊರಿನಲ್ಲಿ ಹಲವು ಕಂಪನಿಗಳು ಒಂದೇ ತಂತಿಯ ಮೇಲೆ ವಿದ್ಯುತ್ ಹಂಚಲು ದಾರಿ ಮಾಡುವ ತಿದ್ದುಪಡಿ ಮಸೂದೆಯನ್ನು 2022ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿ, ಸ್ಥಾಯಿ ಸಮಿತಿಗೆ ಒಪ್ಪಿಸಲಾಯಿತು. ಮುಂಬೈಯಲ್ಲಿ 2009ರಿಂದಲೇ ಒಂದು ಕಂಪನಿಯ ತಂತಿಯಲ್ಲಿ ಇನ್ನೊಂದು ಕಂಪನಿಯ ಕರೆಂಟು ಪಡೆಯುವ ಅವಕಾಶವಿದೆ. ಹೆಚ್ಚು ಬಳಸುವವರು ಹೊರಟರೆ ಸಣ್ಣ ಬಳಕೆದಾರರ ಭಾರ ಹೊರುವವರಾರು ಎಂಬ ಪ್ರಶ್ನೆ ಅಲ್ಲಿ ಬೇಗನೆ ಎದ್ದು, ಹೊರಟವರ ಮೇಲೆ ಅಡ್ಡಸಬ್ಸಿಡಿಯ ಸರ್ಚಾರ್ಜ್ ಹಾಕಬೇಕಾಯಿತು. ನಮ್ಮಲ್ಲಿ ಪಂಪ್‌ಸೆಟ್ಟಿನ ರೈತರೂ ಗೃಹಜ್ಯೋತಿಯ ಉಚಿತ ಕರೆಂಟಿನ ಮನೆಗಳೂ ಇರುವ ಎಸ್ಕಾಂ ವಿದ್ಯುತ್ ಕಂಪನಿಗಳಿಂದ ಬೆಂಗಳೂರಿನ ಲಾಭದ ಗ್ರಾಹಕರನ್ನಷ್ಟೇ ಹೊಸ ಕಂಪನಿ ಆರಿಸಿಕೊಂಡು ಹೋದರೆ ಏನಾದೀತೆಂದು ಊಹಿಸಲು ಬ್ರಿಟನ್ನಿನ ಆ 94 ಪೌಂಡ್ ಸಾಕು. ಆಯ್ಕೆ ಬರುವುದಾದರೆ ಬರಲಿ. ಆದರೆ ಏನನ್ನೂ ಆರಿಸದೆ ಕುಳಿತವರಿಗೆ ಸಿಗುವ ದರ ನ್ಯಾಯವಾಗಿರಬೇಕು, ಕಂಪನಿ ಮುಳುಗಿದರೆ ಅದರ ಮಾಲೀಕರ ಬಂಡವಾಳ ಮೊದಲು ಕರಗಬೇಕು. ಈ ಎರಡನ್ನೂ ಕಾಯಿದೆಯಲ್ಲೇ ಬರೆಯದ ಹೊರತು ಅದನ್ನು ಒಪ್ಪಬಾರದು.

ಮೀಟರ್ ಓದುವ ಅಭ್ಯಾಸವನ್ನು ಮಾತ್ರ ಇಂದೇ ತರಬಹುದು. ಇಂಗ್ಲೆಂಡಿನ ರೆಡಿಂಗಿನಲ್ಲೋ ಮಿಲ್ಟನ್ ಕೀನ್ಸಿನಲ್ಲೋ ಹೊಸದಾಗಿ ಮನೆ ಹಿಡಿದ ಕನ್ನಡಿಗರು ಕೀಲಿಕೈ ಸಿಕ್ಕ ದಿನವೇ ಎರಡೂ ಮೀಟರುಗಳ ಫೋಟೊ ತೆಗೆದಿಡಲಿ. ಮನೆಗೆ ಕಾಲಿಟ್ಟ ಗಳಿಗೆಯಿಂದ ಅಲ್ಲಿನ ಹಳೆಯ ಕಂಪನಿಯ ಮಾಮೂಲಿ ದರ ಅವರಿಗೆ ತಾನಾಗಿ ಅನ್ವಯವಾಗುತ್ತದೆ. ಕರ್ನಾಟಕದಲ್ಲಿ 200 ಯೂನಿಟ್ ದಾಟಿದರೆ ಗೃಹಜ್ಯೋತಿಯ ಫಲ ತಪ್ಪಿ ಪೂರ್ತಿ ಬಿಲ್ ಬರುತ್ತದೆ. ಹಾಗಾಗಿ ಮೀಟರ್ ರೀಡರ್ ಬಂದ ತಾರೀಕನ್ನೂ ಅಂಕಿಯನ್ನೂ ತಿಂಗಳು ತಿಂಗಳೂ ಬರೆದಿಟ್ಟುಕೊಳ್ಳಿ. ಮನೆ ಬೀಗ ಹಾಕಿದ್ದು ಸರಾಸರಿ ಬಿಲ್ ಬರುತ್ತಿದ್ದರೆ, ತಾರೀಕು ಕಾಣುವಂತೆ ಮೀಟರಿನ ಫೋಟೊ ತೆಗೆದು ನೋಂದಾಯಿತ ಮೊಬೈಲಿನಿಂದ ಕಳಿಸುವ ಹಕ್ಕನ್ನು ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಕೊಟ್ಟಿವೆ. ಎರಡು ಬಿಲ್ ಅವಧಿ ಮೀರಿಯೂ ಅಂದಾಜಿನ ಬಿಲ್ಲೇ ಬರುತ್ತಿದ್ದರೆ, ಪ್ರಕೃತಿ ವಿಕೋಪದಂಥ ಕಾರಣವಿದ್ದಾಗ ಬಿಟ್ಟು, ನಿಜವಾದ ರೀಡಿಂಗಿನ ಬಿಲ್ ಬರುವ ತನಕ ಹಣ ಕಟ್ಟಲು ನಿರಾಕರಿಸಬಹುದು ಎಂದೂ ಅದೇ ನಿಯಮಗಳಲ್ಲಿದೆ.