ಕೊಕ್ಕರೆ ಬೆಳ್ಳೂರು: ಹುಣಸೆ ಮರದವರ ಪಾಲೆಷ್ಟು?

ಸಮುದಾಯವೇ ಮುಂದೆ ನಿಂತು ಕಾಡುಜೀವಿಗಳನ್ನು ಕಾಯುವ ಮಾತು ಬಂದಾಗಲೆಲ್ಲ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ಬಂದೇ ಬರುತ್ತದೆ. ಆ ಹೊಗಳಿಕೆಗೆ ಊರು ಅರ್ಹವೂ ಹೌದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಇಲ್ಲಿ ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ, ಆಲ, ಬಸರಿ ಮರಗಳಲ್ಲಿ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಕಾಣುತ್ತಾರೆ.

ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. 1994ರ ಹೊತ್ತಿಗೆ ಊರ ಯುವಕರ 'ಹೆಜ್ಜಾರ್ಲೆ ಬಳಗ' ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿಯುವವರೆಗೆ ಸಾಕುವ ಕೆಲಸ ಅವರದು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಇಷ್ಟಾದರೂ ಈ ಮಾದರಿಯ ಭಾರವೆಲ್ಲ ಬೀಳುವುದು ಮರದ ಒಡೆಯರ ಮೇಲೆ. ಹುಣಸೆ ಹಣ್ಣಾಗುವುದೂ ಗೂಡುಗಳಲ್ಲಿ ಮರಿಗಳಿರುವುದೂ ಒಂದೇ ಬೇಸಿಗೆಯಲ್ಲಿ. ಕೊಂಬೆ ಬಡಿದರೆ ಮೊಟ್ಟೆ, ಮರಿ ನೆಲಕ್ಕೆ ಬೀಳುತ್ತವೆ. ಆದ್ದರಿಂದ ಫಸಲನ್ನೇ ಬಿಡಬೇಕು. ಅಂಗಳದ ತುಂಬ ಹಿಕ್ಕೆ, ಕೊಳೆತ ಮೀನಿನ ವಾಸನೆ. ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ, ನಿಜ. ಅರಣ್ಯ ಇಲಾಖೆ ಗೂಡಿರುವ ಮರಗಳಿಗೆ ಪರಿಹಾರವನ್ನೂ ಕೊಡುತ್ತದೆ. ಆದರೆ ಬಿಟ್ಟುಕೊಟ್ಟ ಹುಣಸೆಯ ಬೆಲೆಗೆ ಅದು ಸಾಟಿಯಲ್ಲ. ಹಳೆಯ ಮರ ಕಡಿದು ಮನೆ ಕಟ್ಟಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟಿದರೆ ತಪ್ಪೆನ್ನುವುದು ಹೇಗೆ? ಮರ ಹೋದರೆ ಹಕ್ಕಿಯೂ ಹೋಗುತ್ತದೆ.

ಪ್ರವಾಸೋದ್ಯಮ ನೆರವಿಗೆ ಬರಬೇಕಾದದ್ದು ಇಲ್ಲೇ. ಬೆಂಗಳೂರು–ಮೈಸೂರು ಹೆದ್ದಾರಿ ಹತ್ತಿರವಿದೆ, ಕಾರುಗಳೂ ಬರುತ್ತವೆ. ಆದರೆ ಬಂದವರು ಫೋಟೊ ತೆಗೆದುಕೊಂಡು ಊಟಕ್ಕೆ, ವಸತಿಗೆ ಮೈಸೂರಿನತ್ತ ಹೊರಟುಬಿಡುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ: ಸಂರಕ್ಷಣೆಯಲ್ಲಿ ಬೆಳ್ಳೂರು ಗೆದ್ದಿದೆ, ಪ್ರವಾಸೋದ್ಯಮ ಬೆಳ್ಳೂರಿನ ಕೈಹಿಡಿಯುವಲ್ಲಿ ಸೋತಿದೆ. ಇದಕ್ಕೆ ರೆಸಾರ್ಟ್ ಉತ್ತರವಲ್ಲ. ಅದು ಹಕ್ಕಿಯ ನೆಮ್ಮದಿಯನ್ನೂ ಊರಿನ ಹಿಡಿತವನ್ನೂ ಕೆಡಿಸುತ್ತದೆ. ವಾಹನ ನಿಲುಗಡೆಯ ಶುಲ್ಕವನ್ನು ಊರೇ ವಸೂಲು ಮಾಡಲಿ, ಊರ ಹುಡುಗರೇ ಮಾರ್ಗದರ್ಶಕರಾಗಲಿ, ಮುದ್ದೆ ಸಾರಿನ ಊಟ ಊರ ಮನೆಗಳಲ್ಲೇ ಸಿಗಲಿ. ಬಂದ ಹಣದ ಒಂದು ಪಾಲು ಗೂಡಿನ ಲೆಕ್ಕದಲ್ಲಿ ಮರದ ಒಡೆಯರಿಗೆ, ಇನ್ನೊಂದು ಪಾಲು ಹೊಸ ಸಸಿಗಳಿಗೆ ಹೋಗಬೇಕು.

ಈ ಸಲ ಹೋಗುವವರು ದಯವಿಟ್ಟು ಡ್ರೋನ್ ಒಯ್ಯಬೇಡಿ. ಊರ ಯುವಕನೊಬ್ಬನನ್ನು ಜೊತೆಗೆ ಕರೆದುಕೊಳ್ಳಿ, ಅವನ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.