ಸೆರೆಮನೆಯ ಕಲ್ಲಲ್ಲಿ ಕಡೆದ ಸೆರೆಮನೆ

ಪ್ಯಾರಿಸ್ಸಿನ ಕಾರ್ನವಾಲೆ ಸಂಗ್ರಹಾಲಯದಲ್ಲಿ, ಒಂದು ಕಾಲಕ್ಕೆ ಸೆರೆಮನೆಯಾಗಿದ್ದ ಬ್ಯಾಸ್ಟಿಲ್ ಕೋಟೆಯ ಪುಟ್ಟ ಪ್ರತಿಕೃತಿಯೊಂದಿದೆ. ಎಂಟು ಬುರುಜು, ಅವುಗಳ ನಡುವಿನ ಎತ್ತರದ ಗೋಡೆ, ಎಲ್ಲವನ್ನೂ ಕಡೆದಿರುವುದು ಅದೇ ಕೋಟೆಯ ಕಲ್ಲಿನಲ್ಲಿ. ಊರನ್ನೇ ಹೆದರಿಸಿದ್ದ ಗೋಡೆ ಮೇಜಿನ ಮೇಲೆ ಇಡುವಷ್ಟಾಗಿದೆ!

ಫ್ರೆಂಚ್ ಕ್ರಾಂತಿಯಲ್ಲಿ, 1789ರ ಜುಲೈ 14ರಂದು, ಕೋಟೆ ಜನರ ವಶವಾದ ಬೆನ್ನಿಗೇ ಅದನ್ನು ಕೆಡವಲು ನಿಂತವನು ಪಲ್ವಾ ಎಂಬ ಕಟ್ಟಡ ಗುತ್ತಿಗೆದಾರ. ಒಂದಷ್ಟು ಕಲ್ಲು ಸೇನ್ ನದಿಯ ಕಾಂಕಾರ್ಡ್ ಸೇತುವೆಗೆ ಹೋಯಿತು. ಇನ್ನಷ್ಟರಲ್ಲಿ ಪಲ್ವಾ ಪ್ರತಿಕೃತಿಗಳನ್ನು ಮಾಡಿಸಿ, ಫ್ರಾನ್ಸನ್ನು ಹೊಸದಾಗಿ ವಿಂಗಡಿಸಿದ್ದ 83 ಆಡಳಿತ ಪ್ರಾಂತಗಳಿಗೆ ಕಳಿಸಿಕೊಟ್ಟ. ಕಬ್ಬಿಣವೂ ವ್ಯರ್ಥವಾಗಲಿಲ್ಲ, ಸರಪಳಿಗಳು ಕರಗಿ ಪದಕಗಳಾದವು. ಎಳೆಯ ಯುವರಾಜನಿಗೆ ಅಮೃತಶಿಲೆಯ ಡಾಮಿನೊ ಆಟದ ಬಿಲ್ಲೆಗಳೂ ಸಿದ್ಧವಾದವು. ಸೆರೆಮನೆಯ ಕಲ್ಲು ಮಗುವಿನ ಆಟಿಕೆಯಾಯಿತೆಂದರೆ ಮೈ ಜುಮ್ಮೆನ್ನುತ್ತದೆ.

ಪಲ್ವಾನಿಗೆ ಹೆಸರಿನ ಆಸೆ ಇತ್ತು, ನಿಜ. ಆದರೂ ಅವನ ಯೋಚನೆ ದೊಡ್ಡದು. ಪ್ಯಾರಿಸ್ಸನ್ನು ಎಂದೂ ಕಾಣದ ದೂರದ ಊರಿನವರಿಗೂ ಆ ಕೋಟೆ ಬಿದ್ದುಹೋದದ್ದಕ್ಕೆ ಕೈಯಿಂದ ಮುಟ್ಟಿ ನೋಡಬಲ್ಲ ಸಾಕ್ಷಿ ಸಿಕ್ಕಿತು. ಅಚ್ಚಾದ ಸುದ್ದಿಗೆ ಈ ತೂಕವೆಲ್ಲಿ?

ಫ್ರೆಂಚ್ ಸೇನಾನಿ ಲಫಾಯೆಟ್ ಕೋಟೆಯ ಬೀಗದಕೈಯನ್ನು 1790ರಲ್ಲಿ ಜಾರ್ಜ್ ವಾಷಿಂಗ್ಟನ್ನರಿಗೆ ಕಳಿಸಿದ. ಅದು ಈಗಲೂ ಅಮೆರಿಕದ ಮೌಂಟ್ ವರ್ನನ್ ಮನೆಯಲ್ಲಿದೆ. ಹೆಚ್ಚಿನವರು ನೆನೆಯುವುದು ಅದನ್ನೇ. ನನ್ನ ಮನಸ್ಸು ಮಾತ್ರ ಕಲ್ಲಿನ ಕೋಟೆಯ ಕಡೆಗೇ ವಾಲುತ್ತದೆ. ಬೀಗದಕೈ ಇದ್ದಂತೆಯೇ ಹೋಯಿತು. ಈ ಕಲ್ಲನ್ನು ಯಾರೋ ಕುಳಿತು, ಉಳಿ ಹಿಡಿದು, ಕಿಟಕಿ ಕಿಟಕಿಯಾಗಿ ಬಿಡಿಸಿದ್ದಾರೆ.